ಹರಿಗೋಲೋ, ದೋಣಿಯೋ?

ಒಳನಾಡಿನ ನೀರಿನಲ್ಲಿ ಮೀನು ಹಿಡಿಯುವವನಿಗೆ ಹರಿಗೋಲು ಲೇಸೋ ದೋಣಿ ಲೇಸೋ ಎಂದು ಕೇಳಿದರೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುವುದುಂಟು. ಹರಿಗೋಲೆಂಬುದು ದೋಣಿ ಕಟ್ಟಲು ಬಾರದ ಕಾಲದಲ್ಲಿ ಹುಟ್ಟಿದ ಬುಟ್ಟಿ, ವಿಜ್ಞಾನ ಮುಂದುವರಿದ ಈ ಕಾಲದಲ್ಲಿ ಅದನ್ನು ವಸ್ತುಸಂಗ್ರಹಾಲಯಕ್ಕೆ ಕಳುಹಿಸುವುದೇ ಸರಿ ಎಂಬುದು ಒಂದು ಉತ್ತರ. ತಾತ ಮುತ್ತಾತಂದಿರನ್ನು ದಡ ಸೇರಿಸಿದ ಹರಿಗೋಲು ನಮ್ಮನ್ನೂ ಸೇರಿಸಬಲ್ಲುದು, ಅದನ್ನು ಬಿಡುವ ಮಾತೇಕೆ ಎಂಬುದು ಇನ್ನೊಂದು. ಮೊದಲನೆಯವರು ಹೊಸದನ್ನು ಪೂಜಿಸುತ್ತಾರೆ. ಎರಡನೆಯವರು ಹಳೆಯದನ್ನು ಪೂಜಿಸುತ್ತಾರೆ. ನೀರನ್ನು ನೋಡುವವರು ಇವರಿಬ್ಬರಲ್ಲಿ ಯಾರೂ ಇಲ್ಲವೆಂಬುದೇ ನಮ್ಮ ಆಕ್ಷೇಪ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಂಡೆಗಳ ನಡುವೆ ಹರಿಯುವ ಕಿರಿದಾದ ನದಿಗೆ ಹರಿಗೋಲಿನಷ್ಟು ತಕ್ಕ ನಾವೆ ಮತ್ತೊಂದಿಲ್ಲ. ಅಣೆಕಟ್ಟಿನ ಹಿಂದೆ ನಿಂತ ವಿಶಾಲವಾದ ನೀರಿಗೆ ಅದೇ ಹರಿಗೋಲು ತಕ್ಕುದಲ್ಲ. ಕಳೆದ ನೂರು ವರ್ಷಗಳಲ್ಲಿ ನಾವು ನಮ್ಮ ನದಿಗಳಲ್ಲಿ ಹಲವನ್ನು ಸರೋವರಗಳನ್ನಾಗಿ ಮಾಡಿದ್ದೇವೆ. ನೀರಿನ ಸ್ವಭಾವ ಬದಲಾಯಿತು. ಅದರ ಮೇಲೆ ದುಡಿಯುವ ಬಡವನ ನಾವೆ ಬದಲಾಗಲಿಲ್ಲ. ಈ ಹೊಂದಾಣಿಕೆಯಿಲ್ಲದಿರುವಿಕೆಯ ಬೆಲೆಯನ್ನು ಮೀನುಗಾರನು ತನ್ನ ಪ್ರಾಣದಿಂದ ತೆರಬೇಕಾಗಬಹುದು. ಆದುದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಬುಟ್ಟಿಯಂಥ ನಾವೆ

ಹರಿಗೋಲಿನ ರಚನೆ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಬಿದಿರ ಸೀಳುಗಳನ್ನು ಹೆಣೆದು ಆಳವಿಲ್ಲದ ದೊಡ್ಡ ಬುಟ್ಟಿಯನ್ನು ಮಾಡಿ, ಅದರ ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಆಮೇಲೆ ಡಾಂಬರು ಬಳಿದ ಬಟ್ಟೆಯೂ ಪ್ಲಾಸ್ಟಿಕ್ಕಿನ ಹಾಳೆಯೂ ಬಂದವು. ಒಂದೇ ಹುಟ್ಟು ಇದರ ಸಾಧನ. ಕೆಲವು ಕಡೆ ಇದನ್ನು ತೆಪ್ಪವೆಂದೂ ಉತ್ತರದ ಜಿಲ್ಲೆಗಳಲ್ಲಿ ಪುಟ್ಟಿಯೆಂದೂ ಕರೆಯುವುದುಂಟು. ಮೀನುಗಾರನ ಹರಿಗೋಲು ಚಿಕ್ಕದು. ಅದನ್ನು ಬೆನ್ನಿನ ಮೇಲೆ ಕವುಚಿಕೊಂಡು ಒಬ್ಬನೇ ಹೊತ್ತು ನಡೆಯಬಲ್ಲನು.

ವಿಜಯನಗರದ ವೈಭವವನ್ನು ಸುಮಾರು ೧೫೨೦ರಲ್ಲಿ ಕಣ್ಣಾರೆ ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸನು ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ಇಂಥ ನಾವೆಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದು, ಹೊರಗೆ ಚರ್ಮ ಹೊದ್ದು, ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದವೆಂದೂ, ಬೇರೆ ದೋಣಿಗಳಂತೆ ನೇರವಾಗಿ ಹೋಗಲಾರದೆ ಸದಾ ತಿರುಗುತ್ತಿದ್ದವೆಂದೂ ಅವನ ಬರಹದಿಂದ ತಿಳಿದುಬರುತ್ತದೆ. ನಾವೆಯ ಗುಣವನ್ನೂ ದೋಷವನ್ನೂ ಆ ಪರದೇಶಿಯು ಒಂದೇ ನೋಟದಲ್ಲಿ ಹಿಡಿದನೆನ್ನಬೇಕು.

ದುಂಡು ನಾವೆ ನಮ್ಮೊಬ್ಬರದೇ ಸೊತ್ತಲ್ಲ. ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಚರ್ಮದ ದುಂಡು ನಾವೆಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ವಿವರಿಸಿದ್ದಾನೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನದಿಗಳಲ್ಲಿ ಇಬ್ಬರು ಮೀನುಗಾರರು ಎರಡು ಪುಟ್ಟ ಹರಿಗೋಲುಗಳಲ್ಲಿ ಕುಳಿತು, ನಡುವೆ ಬಲೆಯನ್ನು ಹಿಡಿದು, ಒಂದು ಕೈಯಿಂದ ಹುಟ್ಟು ಹಾಕುತ್ತ ಹೊಳೆಯೊಡನೆ ಇಳಿದುಬರುವ ಪದ್ಧತಿ ಇದೆ. ಒಬ್ಬರನ್ನೊಬ್ಬರು ಕಾಣದ ಜನರು ಬೇರೆ ಬೇರೆ ಕಾಲಗಳಲ್ಲಿ ಒಂದೇ ಆಕಾರವನ್ನು ಕಟ್ಟಿದರೆಂದರೆ ಅದಕ್ಕೆ ಕಾರಣವಿರಲೇಬೇಕು. ಅಜ್ಞಾನವು ಇಷ್ಟು ಕಡೆ ಒಂದೇ ರೂಪವನ್ನು ತಾಳುವುದಿಲ್ಲ.

ಅಗಲದ ಲೆಕ್ಕ

ಆ ಕಾರಣವನ್ನು ಸ್ವಲ್ಪ ಗಣಿತದಿಂದ ಹುಡುಕೋಣ. ಎರಡು ಮೀಟರು ವ್ಯಾಸದ ಒಂದು ಹರಿಗೋಲನ್ನೂ, ಐದು ಮೀಟರು ಉದ್ದ ಮತ್ತು ಎಪ್ಪತ್ತು ಸೆಂಟಿಮೀಟರು ಅಗಲದ ಒಂದು ದೋಣಿಯನ್ನೂ ತೆಗೆದುಕೊಳ್ಳೋಣ. ಲೆಕ್ಕದ ಸೌಕರ್ಯಕ್ಕಾಗಿ ದೋಣಿಯನ್ನು ಆಯತವೆಂದೇ ಭಾವಿಸೋಣ. ನೀರಿನ ಮಟ್ಟದಲ್ಲಿ ಹರಿಗೋಲು ಆವರಿಸುವ ಕ್ಷೇತ್ರ ಸುಮಾರು ೩.೧ ಚದರ ಮೀಟರು, ದೋಣಿಯದು ೩.೫. ಇವೆರಡರಲ್ಲಿ ಹೆಚ್ಚಿನ ಅಂತರವಿಲ್ಲ. ಒಂದು ಕ್ವಿಂಟಲ್ ಭಾರವನ್ನು ಹೊಸದಾಗಿ ಹೇರಿದರೆ ಆರ್ಕಿಮಿಡೀಸನ ನಿಯಮದಂತೆ ಪ್ರತಿಯೊಂದೂ ನೂರು ಲೀಟರು ನೀರನ್ನು ಹೆಚ್ಚಾಗಿ ಪಕ್ಕಕ್ಕೆ ತಳ್ಳಬೇಕು. ಎರಡೂ ಸುಮಾರು ಮೂರು ಸೆಂಟಿಮೀಟರು ಕೆಳಗಿಳಿಯುವುವು. ಭಾರ ಹೊರುವುದರಲ್ಲಿ ಇವು ಸರಿಸಾಟಿ.

ಆದರೆ ಒಂದು ಪಕ್ಕಕ್ಕೆ ವಾಲಿಸಿದಾಗ ಇವುಗಳ ನಡತೆ ಬೇರೆಯಾಗುತ್ತದೆ. ವಾಲಿದ ನಾವೆಯ ಒಂದು ಅಂಚು ನೀರಿನಲ್ಲಿ ಹೆಚ್ಚು ಮುಳುಗುತ್ತದೆ, ಎದುರಿನ ಅಂಚು ಮೇಲೇಳುತ್ತದೆ. ಮುಳುಗಿದ ಅಂಚನ್ನು ನೀರು ಮೇಲಕ್ಕೆ ಒತ್ತಿ ನಾವೆಯನ್ನು ಹಿಂದಿನ ಸ್ಥಿತಿಗೆ ತರಲೆಳಸುತ್ತದೆ. ಈ ಒತ್ತಡ ನಾವೆಯ ನಡುವಿನಿಂದ ಎಷ್ಟು ದೂರದಲ್ಲಿ ದುಡಿಯುವುದೋ ಅಷ್ಟು ಪರಿಣಾಮಕಾರಿ. ಗಣಿತದಿಂದ ನೋಡಿದರೆ ಇದು ಅಗಲದ ಘನಕ್ಕೆ ಅನುಸಾರವಾಗಿ ಬೆಳೆಯುತ್ತದೆ. ಎಂದರೆ ಉದ್ದವನ್ನು ಹಾಗೆಯೇ ಇಟ್ಟು ಅಗಲವನ್ನು ಇಮ್ಮಡಿ ಮಾಡಿದರೆ ವಾಲುವಿಕೆಗೆ ತೋರುವ ಎದುರು ಎಂಟು ಮಡಿಯಾಗುತ್ತದೆ. ಈ ಎದುರಿನ ಅಳತೆ ನಮ್ಮ ಹರಿಗೋಲಿಗೆ ೦.೭೯ ಆದರೆ ದೋಣಿಗೆ ಪಕ್ಕದ ದಿಕ್ಕಿನಲ್ಲಿ ೦.೧೪ ಮಾತ್ರ. ಐದೂವರೆ ಪಟ್ಟು ವ್ಯತ್ಯಾಸ! ಮೀನುಗಾರನು ಬಾಗಿ, ಪಕ್ಕದಿಂದ ಬಲೆಯನ್ನೆಳೆದು, ಒದ್ದೆಯಾದ ಭಾರವನ್ನು ಒಳಗೆ ಹಾಕಿಕೊಳ್ಳಬೇಕಾದವನು. ಕಿರಿದಾದ ದೋಣಿ ಅವನ ಪ್ರತಿಯೊಂದು ಚಲನೆಗೂ ಹೊಯ್ದಾಡುತ್ತದೆ, ಹರಿಗೋಲು ತಾಳಿಕೊಳ್ಳುತ್ತದೆ.

ಇಲ್ಲಿಗೇ ನಿಂತರೆ ಹರಿಗೋಲಿನ ಪಕ್ಷ ಗೆದ್ದಂತಾಯಿತು. ಆದರೆ ಉದ್ದದ ದಿಕ್ಕಿನ ಲೆಕ್ಕವನ್ನೂ ನೋಡಬೇಕು. ಅಲ್ಲಿ ದೋಣಿಯ ಅಳತೆ ೭.೩, ಹರಿಗೋಲಿನದು ಯಾವ ದಿಕ್ಕಿನಲ್ಲಿ ಅಳೆದರೂ ಅದೇ ೦.೭೯. ದೋಣಿಗೆ ಒಂದು ದುರ್ಬಲವಾದ ಪಕ್ಕವೂ ಒಂದು ಪ್ರಬಲವಾದ ದಿಕ್ಕೂ ಇವೆ. ಅಂಬಿಗನು ಅಲೆಗೆ ತನ್ನ ದೋಣಿಯ ಪ್ರಬಲವಾದ ದಿಕ್ಕನ್ನು ಒಡ್ಡಬಲ್ಲನು. ಹರಿಗೋಲಿಗೆ ದುರ್ಬಲವಾದ ಪಕ್ಕವಿಲ್ಲ, ನಿಜ. ಅಲೆಗೆ ಒಡ್ಡಲು ಪ್ರಬಲವಾದ ದಿಕ್ಕೂ ಇಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುವುದು.

ಬಂಡೆ ಮತ್ತು ಸೆಳವು

ಕಾವೇರಿ ಶಿವನಸಮುದ್ರದಿಂದ ಕೆಳಗೆ, ತುಂಗಭದ್ರೆ ಹಂಪೆಯ ಬಳಿ, ಹೇಗೆ ಹರಿಯುತ್ತವೆ? ಒಂದೆಡೆ ಆಳವಾದ ಮಡು, ಅದರ ಕೆಳಗೆ ಮೊಣಕಾಲು ಮುಳುಗದ ತೆಳುನೀರು, ಆಮೇಲೆ ಬಂಡೆಗಳ ನಡುವೆ ನುಗ್ಗುವ ಸೆಳವು, ಮತ್ತೆ ಮಡು. ಮೀನು ಮಡುವಿನಲ್ಲಿಯೂ ಬಂಡೆಯ ಮರೆಯಲ್ಲಿಯೂ ಇರುತ್ತದೆ. ಮೀನುಗಾರನ ಪಯಣ ದೂರದ್ದಲ್ಲ. ಆದರೆ ಮೇಲಿಂದ ಮೇಲೆ ತಿರುಗಬೇಕು, ನಿಲ್ಲಬೇಕು, ನಾವೆಯನ್ನು ಹೊತ್ತು ಬಂಡೆ ದಾಟಬೇಕು.

ಇಂಥ ಕಡೆ ಉದ್ದನೆಯ ದೋಣಿಯು ಸೆಳವಿಗೆ ಅಡ್ಡವಾಗಿ ಬಂಡೆಗೆ ಸಿಕ್ಕಿಕೊಂಡಿತೆಂದು ಊಹಿಸೋಣ. ಐದು ಮೀಟರು ಉದ್ದದ ಮೈ, ಮೂವತ್ತು ಸೆಂಟಿಮೀಟರು ಆಳ. ಸೆಳವಿನ ವೇಗ ಸೆಕೆಂಡಿಗೆ ಎರಡು ಮೀಟರು. ಹರಿಯುವ ನೀರು ಆ ಮೈಯನ್ನು ಸ್ಥೂಲವಾಗಿ ಮುನ್ನೂರು ಕಿಲೋಗ್ರಾಂ ತೂಕದಷ್ಟು ಬಲದಿಂದ ಬಂಡೆಗೆ ಒತ್ತುತ್ತದೆ. ಇಬ್ಬರು ಗಟ್ಟಿಗರೂ ಅದನ್ನು ಬಿಡಿಸಲಾರರು. ದೋಣಿ ಮುರಿಯುವುದು ಅಥವಾ ನೀರು ತುಂಬಿಕೊಳ್ಳುವುದು. ಎರಡು ಮೀಟರಿನ ಹರಿಗೋಲಿನ ಮೇಲೆ ಬೀಳುವ ಬಲ ಅದರ ಅರ್ಧಕ್ಕೂ ಕಡಿಮೆ. ಮೇಲಾಗಿ ದುಂಡಾದ ಮೈ ಬಂಡೆಗೆ ಅಂಟಿಕೊಳ್ಳದೆ ಉರುಳಿಕೊಂಡು ಪಾರಾಗುತ್ತದೆ. ಪಾಯಸನು ಕಂಡ ಆ ತಿರುಗುವಿಕೆ ಇಲ್ಲಿ ದೋಷವಲ್ಲ, ರಕ್ಷೆ. ಬಿದಿರು ಬಳುಕುವ ವಸ್ತುವಾದುದರಿಂದ ಪೆಟ್ಟನ್ನು ನುಂಗುತ್ತದೆ. ಹರಿದ ಹೊದಿಕೆಗೆ ಸಂಜೆ ದಡದಲ್ಲಿ ತೇಪೆ ಹಾಕಿದರೆ ಬೆಳಿಗ್ಗೆ ನಾವೆ ಸಿದ್ಧ.

ಹುಟ್ಟು ಹಾಕುವ ರೀತಿಯೂ ಇದಕ್ಕೆ ಹೊಂದಿಕೊಂಡಿದೆ. ದೋಣಿಯಲ್ಲಿ ಹುಟ್ಟು ಪಕ್ಕದಲ್ಲಿ ಹಿಂದಕ್ಕೆ ಸರಿಯುತ್ತದೆ. ಹರಿಗೋಲಿನಲ್ಲಿ ಹಾಗೆ ಮಾಡಿದರೆ ಅದು ಗಿರಗಿರನೆ ಸುತ್ತುವುದಷ್ಟೆ. ಆದುದರಿಂದ ಮೀನುಗಾರನು ಮುಂದುಗಡೆ ಹುಟ್ಟನ್ನಿಳಿಸಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ನಾವೆ ಹುಟ್ಟಿನ ಕಡೆಗೆ ಹೋಗುತ್ತದೆ. ಯಾವ ದಿಕ್ಕಿಗೆ ಹುಟ್ಟನ್ನು ಇಳಿಸಿದರೆ ಅದೇ ಮುಂದು. ಹಿಂದು ಮುಂದು ಎಂಬ ಭೇದವಿಲ್ಲದ ಈ ನಾವೆ ಬಂಡೆಗಳ ಸಂದಿನಲ್ಲಿ ಸರಿದಾಡುವಷ್ಟು ಚುರುಕಾಗಿ ಬೇರಾವ ನಾವೆಯೂ ಸರಿದಾಡದು.

ಕಯಾಕ್ ಮತ್ತು ಕೆನೂ

ಈಚೆಗೆ ದಾಂಡೇಲಿಯ ಬಳಿ ಕಾಳಿ ನದಿಯಲ್ಲಿ ಬಣ್ಣಬಣ್ಣದ ಕಯಾಕುಗಳನ್ನು ಕಂಡ ತರುಣರು, ಮೀನುಗಾರರಿಗೂ ಇದನ್ನೇ ಕೊಡಬಾರದೇಕೆ ಎಂದು ಕೇಳಬಹುದು. ಕಯಾಕ್ ಉತ್ತರ ಧ್ರುವದ ಸಮೀಪದ ಹಿಮಸಾಗರಗಳಲ್ಲಿ ಸೀಲ್ ಬೇಟೆಗಾಗಿ ಅಲ್ಲಿನ ಇನ್ಯೂಯಿಟ್ ಮೊದಲಾದ ಜನರು ನಿರ್ಮಿಸಿದ ನಾವೆ. ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲನ್ನು ಹೊದಿಸಿ, ಮೇಲ್ಭಾಗವನ್ನೂ ಮುಚ್ಚಿ, ಒಬ್ಬನು ಕೂರುವಷ್ಟು ತೂತನ್ನು ಮಾತ್ರ ಬಿಡುತ್ತಿದ್ದರು. ಹಿಮದ ನೀರು ಒಳನುಗ್ಗಿದರೆ ಸಾವು ನಿಶ್ಚಯವಾದುದರಿಂದ ಆ ಮುಚ್ಚಿಗೆ ಅನಿವಾರ್ಯವಾಯಿತು. ಕುಳಿತವನು ನೀರಿನ ಮಟ್ಟದಲ್ಲಿಯೇ ಕಾಲು ಚಾಚಿ ಕೂರುವುದರಿಂದ ಗುರುತ್ವಕೇಂದ್ರ ಬಹಳ ಕೆಳಗಿರುತ್ತದೆ. ಕಿರಿದಾದ ನಾವೆಯೂ ಸ್ಥಿರವಾಗುತ್ತದೆ. ಗಾಳಿಗೆ ಸಿಕ್ಕುವ ಮೈಯೂ ಅಲ್ಪ. ಹುಟ್ಟಿಗೆ ಎರಡು ತುದಿಯಲ್ಲಿಯೂ ಅಲಗು.

ಕೆನೂ ಎಂಬುದು ಉತ್ತರ ಅಮೆರಿಕದ ಕಾಡುಗಳ ನಾವೆ. ಅಲ್ಲಿನ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಅದನ್ನು ಕಟ್ಟುತ್ತಿದ್ದರು. ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಅದನ್ನು ಹೆಗಲ ಮೇಲೆ ಸಾಗಿಸಬೇಕಾದುದರಿಂದ ಹಗುರತೆ ಬೇಕಾಗಿತ್ತು; ಸಂಸಾರವನ್ನೂ ಸಾಮಾನನ್ನೂ ಹೊರಬೇಕಾದುದರಿಂದ ಮೇಲ್ಭಾಗ ತೆರೆದಿತ್ತು. ಮಂಡಿಯೂರಿ ಕುಳಿತು ಒಂದೇ ಅಲಗಿನ ಹುಟ್ಟಿನಿಂದ ಅದನ್ನು ನಡೆಸುತ್ತಾರೆ.

ಇವೆರಡರಲ್ಲಿ ನದಿಯ ಮೀನುಗಾರಿಕೆಗೆ ಯಾವುದು ಎಂದರೆ ನಾವು ಕೆನೂವಿನ ಪಕ್ಷ. ಗಾಣ ಹಾಕಿ ಒಂದೆರಡು ಮೀನನ್ನು ಹಿಡಿಯುವ ವಿನೋದಕ್ಕೆ ಕಯಾಕ್ ಸಾಕು. ಗಾಳಿಯನ್ನೂ ದೂರವನ್ನೂ ಅದು ಚೆನ್ನಾಗಿ ಎದುರಿಸುತ್ತದೆ. ಆದರೆ ಬಲೆಯನ್ನು ರಾಶಿ ಹಾಕಲು ಸ್ಥಳ, ಎದ್ದು ಕೂರಲು ಅವಕಾಶ, ಎರಡನೆಯ ಆಳಿಗೆ ಜಾಗ, ಹಿಡಿದ ಮೀನಿಗೆ ಕುಕ್ಕೆ ಇವೆಲ್ಲ ತೆರೆದ ನಾವೆಯಲ್ಲಿ ಮಾತ್ರ ದೊರೆಯುವುವು. ಬೆಚ್ಚನೆಯ ನೀರಿನ ನಮ್ಮ ನಾಡಿನಲ್ಲಿ ಮುಚ್ಚಿಗೆಯ ಅಗತ್ಯವೂ ಅಷ್ಟಿಲ್ಲ. ಇಲ್ಲಿಂದ ಕಲಿಯಬೇಕಾದ ಪಾಠವೇ ಬೇರೆ. ಈ ಎರಡು ನಾವೆಗಳನ್ನೂ ಕಟ್ಟಿದವರು ಮೊದಲು ತಮ್ಮ ನೀರನ್ನೂ ಕೆಲಸವನ್ನೂ ನೋಡಿದರು. ಆಮೇಲೆ ಆಕಾರವನ್ನು ನಿಶ್ಚಯಿಸಿದರು. ನಮ್ಮ ಹಿರಿಯರು ಬಂಡೆಯ ನದಿಗೆ ಹರಿಗೋಲನ್ನೂ, ಕರಾವಳಿಯ ಅಳಿವೆಗಳಿಗೆ ಉದ್ದನೆಯ ಪಾತಿ ದೋಣಿಯನ್ನೂ ಆರಿಸಿದುದು ಇದೇ ವಿವೇಕದಿಂದ.

ನದಿ ಸರೋವರವಾದಾಗ

ಈಗ ಅಣೆಕಟ್ಟಿನ ಹಿಂದಿನ ನೀರಿಗೆ ಬರೋಣ. ಕಾವೇರಿಗೆ ಕನ್ನಂಬಾಡಿಯಲ್ಲಿ ೧೯೧೧ರಲ್ಲಿ ಆರಂಭವಾದ ಕಟ್ಟೆ ೧೯೩೦ರ ದಶಕದ ಆದಿಯಲ್ಲಿ ಮುಗಿಯಿತು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಸಿದ್ಧವಾಯಿತು. ತುಂಬಿದಾಗ ಅದರ ಜಲಾಶಯ ಮುನ್ನೂರೈವತ್ತು ಚದರ ಕಿಲೋಮೀಟರಿನಷ್ಟು ನೆಲವನ್ನು ಆವರಿಸುತ್ತದೆ. ಶರಾವತಿಯ ಲಿಂಗನಮಕ್ಕಿ ೧೯೬೪ರಲ್ಲಿ ಬಂದಿತು. ಅದರ ಹರವೂ ಮುನ್ನೂರು ಚದರ ಕಿಲೋಮೀಟರಿಗೆ ಮೇಲೆ. ಈ ಜಲಾಶಯಗಳಿಗೆ ಕಾಟ್ಲಾ, ರೋಹು ಮೊದಲಾದ ಮೀನಿನ ಮರಿಗಳನ್ನು ಬಿಟ್ಟು ಬೆಳೆಸಲಾಯಿತು. ನೀರಿನಲ್ಲಿ ಗೋಡೆಯಂತೆ ನಿಂತು ಮೀನಿನ ಕಿವಿರನ್ನು ಸಿಕ್ಕಿಸಿಕೊಳ್ಳುವ ಬಲೆಗಳನ್ನು ಸಂಜೆ ಬಿಟ್ಟು ಬೆಳಿಗ್ಗೆ ಎತ್ತುವ ವೃತ್ತಿ ಬೆಳೆಯಿತು. ವೃತ್ತಿ ಹೊಸದು, ನೀರು ಹೊಸದು. ನಾವೆ ಮಾತ್ರ ಬಹುಮಟ್ಟಿಗೆ ಅದೇ ಹರಿಗೋಲು.

ನದಿಗೂ ಸರೋವರಕ್ಕೂ ಇರುವ ಮುಖ್ಯ ಭೇದ ಆಳದ್ದಲ್ಲ, ಹರವಿನದು. ಅಲೆಯ ಎತ್ತರವನ್ನು ನಿರ್ಣಯಿಸುವುವು ಮೂರು: ಗಾಳಿಯ ವೇಗ, ಅದು ಬೀಸಿದ ಕಾಲ, ಮತ್ತು ತಡೆಯಿಲ್ಲದೆ ಅದು ನೀರಿನ ಮೇಲೆ ಓಡಿದ ದೂರ. ಸೆಕೆಂಡಿಗೆ ಹತ್ತು ಮೀಟರು ವೇಗದ ಗಾಳಿ ಇನ್ನೂರು ಮೀಟರು ಅಗಲದ ಹೊಳೆಯನ್ನು ದಾಟುವಾಗ ಎಬ್ಬಿಸುವ ಅಲೆ ಸುಮಾರು ಏಳು ಸೆಂಟಿಮೀಟರು. ಅದೇ ಗಾಳಿ ಹತ್ತು ಕಿಲೋಮೀಟರು ತೆರೆದ ನೀರಿನ ಮೇಲೆ ಸಾಕಷ್ಟು ಹೊತ್ತು ಬೀಸಿದರೆ ಅಲೆ ಸುಮಾರು ಐವತ್ತು ಸೆಂಟಿಮೀಟರು, ಎಂದರೆ ಒಂದು ಮೊಳಕ್ಕಿಂತ ಹೆಚ್ಚು. ಇಬ್ಬರು ಕುಳಿತು ಬಲೆಯನ್ನೂ ಹೇರಿಕೊಂಡ ಚಿಕ್ಕ ಹರಿಗೋಲಿನ ಅಂಚು ನೀರಿನಿಂದ ಮೇಲೆ ಸಾಮಾನ್ಯವಾಗಿ ಒಂದು ಮೊಳಕ್ಕಿಂತ ಹೆಚ್ಚಿರದು. ಅಲೆ ನಯವಾಗಿದ್ದರೆ ಹರಿಗೋಲು ಬೆಂಡಿನಂತೆ ಏರಿ ಇಳಿಯುತ್ತದೆ. ತುದಿ ಮುರಿದ ಅಲೆ ಬಂದಾಗ, ಅಥವಾ ಬಲೆಯನ್ನೆಳೆಯುವವನ ಭಾರದಿಂದ ಅದೇ ಕಡೆಯ ಅಂಚು ತಗ್ಗಿದ್ದಾಗ, ನೀರು ಒಳಕ್ಕೆ ಸುರಿಯುತ್ತದೆ. ಒಮ್ಮೆ ಒಳಬಂದ ನೀರು ತಗ್ಗಿದ ಕಡೆಗೇ ಓಡಿ ಆ ಅಂಚನ್ನು ಇನ್ನೂ ತಗ್ಗಿಸುತ್ತದೆ.

ಅಲೆಗಿಂತಲೂ ಗಾಳಿಯ ತಳ್ಳು ಹೆಚ್ಚು ಅಪಾಯಕರ. ಮೇಲೆ ಹೇಳಿದ ಗಾಳಿ ಹರಿಗೋಲನ್ನೂ ಅದರಲ್ಲಿ ಕುಳಿತ ಇಬ್ಬರನ್ನೂ ಸ್ಥೂಲವಾಗಿ ಹತ್ತು ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ಬಹಳ ಹೊತ್ತು ದುಡಿಯಬೇಕಾದ ಮನುಷ್ಯನ ಸಾಮರ್ಥ್ಯ ಸುಮಾರು ಎಪ್ಪತ್ತೈದು ವಾಟ್. ಹುಟ್ಟಿನ ಸುತ್ತ ಕಲಕಿ ಹೋಗುವ ನೀರಿನಲ್ಲಿ ಅದರ ಅರ್ಧ ನಷ್ಟವಾಯಿತೆಂದರೆ, ನಡಿಗೆಯ ವೇಗದಲ್ಲಿ ನಾವೆಯನ್ನು ನೂಕಲು ಉಳಿಯುವ ಬಲ ನಾಲ್ಕು ಕಿಲೋಗ್ರಾಂ ತೂಕದಷ್ಟು. ಹತ್ತರ ಎದುರಿಗೆ ನಾಲ್ಕು! ಹೊಳೆಯಲ್ಲಿ ಗಾಳಿ ತಳ್ಳಿದರೆ ಎದುರು ದಡ ಸಿಕ್ಕುತ್ತದೆ. ಜಲಾಶಯದಲ್ಲಿ ಸಿಕ್ಕುವುದು ಇನ್ನಷ್ಟು ದೊಡ್ಡ ಅಲೆ. ಮುಂಗಾರಿನ ಗಾಳಿ ಜೋರಾಗಿ ಬೀಸುವ ತಿಂಗಳುಗಳೇ ಜಲಾಶಯ ತುಂಬಿ ಹರವು ಹೆಚ್ಚುವ ತಿಂಗಳುಗಳೂ ಆಗಿವೆಯೆಂಬುದನ್ನು ಮರೆಯಬಾರದು.

ಉದ್ದನೆಯ ದೋಣಿಗೆ ಈ ನೀರಿನಲ್ಲಿ ಮೂರು ಅನುಕೂಲಗಳಿವೆ. ನೀರಿನಲ್ಲಿ ಸಾಗುವ ನಾವೆ ತಾನೇ ಎಬ್ಬಿಸಿದ ಅಲೆಯಿಂದ ತಡೆಯಲ್ಪಡುವ ವೇಗವು ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಎರಡು ಮೀಟರಿನ ನಾವೆಗಿಂತ ಐದು ಮೀಟರಿನ ನಾವೆಗೆ ಆ ಮಿತಿ ಸುಮಾರು ೧.೬ ಪಟ್ಟು ಮೇಲಿರುತ್ತದೆ. ಅದರ ಮೂತಿಯನ್ನು ಗಾಳಿಗೆ ಒಡ್ಡಿದರೆ ತಳ್ಳು ಕಡಿಮೆಯಾಗುತ್ತದೆ. ಇಬ್ಬರು ಒಂದೇ ದಿಕ್ಕಿಗೆ ಹುಟ್ಟು ಹಾಕಬಹುದು. ಪಕ್ಕಕ್ಕೆ ವಾಲುವ ದೋಷವನ್ನು ಅಗಲ ಹೆಚ್ಚಿಸಿ ಸರಿಪಡಿಸಬಹುದು. ಅದೇ ಐದು ಮೀಟರಿನ ದೋಣಿಯನ್ನು ಎಪ್ಪತ್ತು ಸೆಂಟಿಮೀಟರಿಗೆ ಬದಲು ನೂರಿಪ್ಪತ್ತು ಸೆಂಟಿಮೀಟರು ಅಗಲ ಮಾಡಿದರೆ ಅದರ ಎದುರಿನ ಅಳತೆ ೦.೭೨ಕ್ಕೆ ಏರುತ್ತದೆ, ತುದಿಗಳು ಚೂಪಾದಷ್ಟೂ ಸ್ವಲ್ಪ ಇಳಿದರೂ ಹೆಚ್ಚುಕಡಮೆ ಹರಿಗೋಲಿಗೆ ಹತ್ತಿರವೇ. ಉದ್ದದ ದಿಕ್ಕಿನಲ್ಲಿಯಾದರೋ ಅದು ಹರಿಗೋಲಿಗಿಂತ ಬಹುಪಟ್ಟು ಬಲವಾದುದು. ಜಲಾಶಯಕ್ಕೆ ಬೇಕಾದುದು ಇಂಥ ಚಪ್ಪಟೆ ತಳದ ಅಗಲವಾದ ತೆರೆದ ದೋಣಿ.

ಬಿದಿರು ಮತ್ತು ಗಾಜಿನೆಳೆ

ಈಚಿನ ವರ್ಷಗಳಲ್ಲಿ ಬಿದಿರಿನ ಬದಲು ಫೈಬರ್‌ಗ್ಲಾಸಿನ ಹರಿಗೋಲುಗಳು ಬಳಕೆಗೆ ಬಂದಿವೆ. ಅವು ಕೊಳೆಯವು, ಹುಳು ಹಿಡಿಯವು, ವರ್ಷವರ್ಷವೂ ಹೊದಿಕೆ ಬದಲಿಸುವ ಖರ್ಚಿಲ್ಲ. ಇದು ಪ್ರಗತಿಯೇ ಸರಿ. ಆದರೆ ಇಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ನಷ್ಟವಿದೆ. ಬಿದಿರು ನೀರಿಗಿಂತ ಹಗುರ. ಬಿದಿರಿನ ಹರಿಗೋಲು ಪೂರ್ತಿ ನೀರು ತುಂಬಿಕೊಂಡರೂ ತಳ ಸೇರುವುದಿಲ್ಲ. ಹಿಡಿದುಕೊಂಡವನಿಗೆ ಅಷ್ಟಿಷ್ಟು ಆಸರೆ ಕೊಡುತ್ತದೆ. ಗಾಜಿನೆಳೆಯ ಹಾಳೆ ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾದುದು. ಗಾಳಿಯ ಕೋಶವಿಲ್ಲದೆ ಮಾಡಿದ ಅಂಥ ಹರಿಗೋಲಿಗೆ ನೀರು ತುಂಬಿದರೆ ಅದು ಕಲ್ಲಿನಂತೆ ಮುಳುಗುವುದು. ಹೊಸ ಪದಾರ್ಥವನ್ನು ತಂದವರು ಹಳೆಯ ಆಕಾರವನ್ನು ಉಳಿಸಿಕೊಂಡರು; ಹಳೆಯ ಪದಾರ್ಥವು ಕೇಳದೆ ಕೊಡುತ್ತಿದ್ದ ಅಭಯವನ್ನು ಉಳಿಸಿಕೊಳ್ಳುವ ಯೋಚನೆಯೂ ಅವರಿಗೆ ಬರಬೇಕಾಗಿತ್ತು.

ಇದಕ್ಕೆ ಪರಿಹಾರ ಕಷ್ಟವಲ್ಲ. ಇಪ್ಪತ್ತು ಲೀಟರಿನ ಎರಡು ಖಾಲಿ ಪ್ಲಾಸ್ಟಿಕ್ ಡಬ್ಬಗಳನ್ನು ಬಿರಡೆ ಬಿಗಿದು, ಎದುರುಬದುರಾಗಿ ಅಂಚಿನ ಕೆಳಗೆ ಭದ್ರವಾಗಿ ಕಟ್ಟಿದರೆ, ಅವು ಮುಳುಗಿದಾಗ ಒಟ್ಟು ಸುಮಾರು ನಲವತ್ತು ಕಿಲೋಗ್ರಾಂ ಎತ್ತುವ ಬಲ ದೊರೆಯುತ್ತದೆ. ಮೂವತ್ತು ಕಿಲೋಗ್ರಾಂ ತೂಕದ ಫೈಬರ್‌ಗ್ಲಾಸ್ ನಾವೆ ನೀರಿನೊಳಗೆ ತೂಗುವುದು ಹನ್ನೆರಡು ಕಿಲೋಗ್ರಾಮಿನಷ್ಟು ಮಾತ್ರ. ಉಳಿದ ಬಲ ಇಬ್ಬರು ಅಂಚನ್ನು ಹಿಡಿದು ತೇಲುವುದಕ್ಕೆ ಸಾಕು. ಕಾರ್ಖಾನೆಯಲ್ಲಿಯೇ ಮುಚ್ಚಿದ ಗಾಳಿಕೋಶಗಳನ್ನು ಸೇರಿಸುವುದು ಇನ್ನೂ ಉತ್ತಮ.

ಆದರೆ ಯಾವ ನಾವೆಯೂ ಜೀವರಕ್ಷಕ ಅಂಗಿಗೆ ಬದಲಾಗಲಾರದು. ಅಮೆರಿಕದ ಕರಾವಳಿ ರಕ್ಷಣಾ ದಳವು ೨೦೨೩ರ ವಿಹಾರನೌಕೆಗಳ ಅಪಘಾತಗಳನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ, ಮೃತರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ ನೂರಕ್ಕೆ ಎಂಬತ್ತೇಳರಷ್ಟು ಮಂದಿ ಜೀವರಕ್ಷಕ ಅಂಗಿಯನ್ನು ಧರಿಸಿರಲಿಲ್ಲ. ಅಷ್ಟು ಸಂಪನ್ನವಾದ ದೇಶದ ಸ್ಥಿತಿಯೇ ಹೀಗಿರುವಲ್ಲಿ ನಮ್ಮ ಮಾತನ್ನು ಬೇರೆ ಹೇಳಬೇಕಾಗಿಲ್ಲ. ನೀರಿನಲ್ಲಿರುವ ವಯಸ್ಕನ ತಲೆಯನ್ನು ಮೇಲೆ ಹಿಡಿಯಲು ಏಳರಿಂದ ಹತ್ತು ಕಿಲೋಗ್ರಾಂ ಎತ್ತುವ ಬಲ ಸಾಕು. ಈಜು ಬಲ್ಲವನಿಗೆ ಅಂಗಿ ಬೇಡವೆಂಬ ವಾದವುಂಟು. ಬಲೆ ಕಾಲಿಗೆ ಸುತ್ತಿಕೊಂಡಾಗ, ತಲೆ ಅಂಚಿಗೆ ಬಡಿದಾಗ, ರಾತ್ರಿಯಲ್ಲಿ ದಡ ಕಾಣದಾದಾಗ ಈಜು ಎಷ್ಟು ದೂರ ಕೊಂಡೊಯ್ಯುವುದೆಂಬುದನ್ನು ಆ ವಾದಿಗಳು ಯೋಚಿಸಬೇಕು.

ಕೂಗಳತೆಯ ನಿಯಮ

ದೋಣಿ ಒಳ್ಳೆಯದೇ, ಆದರೆ ಬಡವನು ಅದನ್ನು ಕೊಳ್ಳುವುದೆಂತು ಎಂಬ ಪ್ರಶ್ನೆ ನ್ಯಾಯವಾದುದು. ಹರಿಗೋಲು ಅಗ್ಗ, ಒಬ್ಬನೇ ಹೊರಬಹುದು, ಮನೆಯ ಮುಂದೆ ಇಡಬಹುದು. ಜಲಾಶಯದ ಮಟ್ಟ ಇಳಿದಾಗ ದಡ ಬಹು ದೂರ ಸರಿಯುವುದರಿಂದ ಭಾರವಾದ ದೋಣಿಯನ್ನು ಕೆಸರಿನಲ್ಲಿ ಎಳೆಯುವುದೂ ಪ್ರಯಾಸವೇ. ಈ ಕಷ್ಟಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಲಾಶಯಗಳನ್ನು ಮೀನುಗಾರನು ಕಟ್ಟಲಿಲ್ಲ. ವಿದ್ಯುತ್ತಿಗಾಗಿಯೂ ನೀರಾವರಿಗಾಗಿಯೂ ಸಮಾಜವೇ ಕಟ್ಟಿತು. ನದಿಯನ್ನು ಬದಲಾಯಿಸಿದವರು ನಾವೆಯನ್ನು ಬದಲಾಯಿಸುವ ವೆಚ್ಚದಲ್ಲಿಯೂ ಪಾಲುಗಾರರಾಗುವುದು ಧರ್ಮ. ಸಹಾಯಧನದಿಂದ ನಾವೆ ಕೊಡುವಾಗ ನದಿಯವರಿಗೂ ಜಲಾಶಯದವರಿಗೂ ಒಂದೇ ಹರಿಗೋಲನ್ನು ಹಂಚುವ ಬದಲು, ಜಲಾಶಯದ ಸಹಕಾರ ಸಂಘಗಳಿಗೆ ನಾಲ್ಕಾರು ಮಂದಿ ಹಂಚಿಕೊಂಡು ಬಳಸಬಹುದಾದ ಅಗಲವಾದ ದೋಣಿಯನ್ನು ಕೊಡುವುದು ಯುಕ್ತ. ಕೊಡುವ ಪ್ರತಿಯೊಂದು ನಾವೆಯೊಡನೆ ಆಳಿಗೊಂದರಂತೆ ಜೀವರಕ್ಷಕ ಅಂಗಿಯೂ ಬರಲಿ.

ಯಾವ ನೀರಿಗೆ ಯಾವುದು ಎಂಬುದಕ್ಕೆ ಯಂತ್ರೋಪಕರಣವಿಲ್ಲದೆ ಬಳಸಬಹುದಾದ ಒಂದು ಅಳತೆಯನ್ನು ನಾವು ಸೂಚಿಸುತ್ತೇವೆ. ದೂರವನ್ನು ಕೂಗಳತೆಯಿಂದ ಅಳೆಯುವುದು ನಮ್ಮ ಹಳ್ಳಿಗಳ ಹಳೆಯ ವಾಡಿಕೆ. ಈ ದಡದಲ್ಲಿ ನಿಂತು ಕೂಗಿದರೆ ಆ ದಡದವನಿಗೆ ಕೇಳಿಸುವಷ್ಟು ಅಗಲದ ನೀರಿಗೆ ಹರಿಗೋಲು. ಕೂಗು ಮುಟ್ಟದಷ್ಟು ಅಗಲದ ನೀರಿಗೆ ದೋಣಿ. ದೋಣಿ ದೊರೆಯುವ ತನಕ ಜಲಾಶಯದಲ್ಲಿ ಹರಿಗೋಲನ್ನೇ ನಡೆಸಬೇಕಾದವರು ಹತ್ತಿರದ ದಡದಿಂದ ಕೂಗಳತೆಯನ್ನು ಮೀರದಿರಲಿ. ಗಾಳಿ ಏಳುವ ಸೂಚನೆ ಕಂಡೊಡನೆ ಬಲೆಯನ್ನು ಬಿಟ್ಟಾದರೂ ಹಿಂದಿರುಗಲಿ. ಬಲೆಯನ್ನು ಮರುದಿನ ಹುಡುಕಬಹುದು.

ನಮ್ಮ ವಿದ್ಯಾರ್ಥಿ ಮಿತ್ರರು ಈ ಮಾತುಗಳನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಒಂದು ದುಂಡು ತಟ್ಟೆಯನ್ನೂ ಸುಮಾರು ಅಷ್ಟೇ ಕ್ಷೇತ್ರದ ಉದ್ದನೆಯ ತಗಡಿನ ಪೆಟ್ಟಿಗೆಯನ್ನೂ ನೀರಿನ ತೊಟ್ಟಿಯಲ್ಲಿ ತೇಲಿಬಿಡಿ. ಅಂಚಿನ ಮೇಲೆ ಒಂದೊಂದಾಗಿ ನಾಣ್ಯಗಳನ್ನಿಟ್ಟು ಯಾವುದು ಯಾವ ಕಡೆಗೆ ಎಷ್ಟು ನಾಣ್ಯಕ್ಕೆ ಮಗುಚುವುದೆಂದು ಬರೆದಿಡಿ. ಆಮೇಲೆ ಬೀಸಣಿಗೆಯಿಂದ ಗಾಳಿ ಹಾಕಿ, ಯಾವುದು ದಿಕ್ಕನ್ನು ಉಳಿಸಿಕೊಳ್ಳುವುದೆಂದು ನೋಡಿ. ರಜದಲ್ಲಿ ಹೊಳೆಯ ಬದಿಗೆ ಹೋದಾಗ ಅಲ್ಲಿನ ಮೀನುಗಾರರೊಡನೆ ಕುಳಿತು ಅವರ ನಾವೆಯ ಅಗಲವನ್ನೂ, ಭಾರ ಹೇರಿದಾಗ ನೀರಿನಿಂದ ಮೇಲೆ ಉಳಿಯುವ ಅಂಚಿನ ಎತ್ತರವನ್ನೂ ದಡದಲ್ಲಿ ನಿಂತೇ ಅಳೆದುಕೊಳ್ಳಿ. ಗಾಳಿಯನ್ನೂ ಸುಳಿಯನ್ನೂ ಕುರಿತು ಅವರನ್ನು ಕೇಳಿ. ಪುಸ್ತಕದಲ್ಲಿಲ್ಲದ ಬಹಳಷ್ಟು ಅವರಿಗೆ ತಿಳಿದಿದೆ. ಅವರು ಲೆಕ್ಕ ಹಾಕದ ಕೆಲವನ್ನು ನೀವು ಲೆಕ್ಕ ಹಾಕಿ ಹೇಳಬಲ್ಲಿರಿ. ಮುಂದೆ ನಿಮ್ಮಲ್ಲಿ ಯಾರಾದರೂ ಎಂಜಿನಿಯರಾಗಿ ಜಲಾಶಯಕ್ಕೊಂದು ಹಗುರವಾದ, ಅಗ್ಗವಾದ, ನೀರು ತುಂಬಿದರೂ ಮುಳುಗದ ದೋಣಿಯನ್ನು ರಚಿಸಿದರೆ, ಅದರಲ್ಲಿ ಬೆಳಗಿನ ಜಾವ ಬಲೆಯೆತ್ತಲು ಹೊರಡುವವನ ಮನೆಯವರು ನಿಶ್ಚಿಂತೆಯಿಂದ ಒಲೆ ಹೊತ್ತಿಸುವರು.